ನೆಲದ ಮೇಲೆ ಮಲಗುವವರು

ಹಾರ್ಲೆಮ್‌ನಲ್ಲಿ ಯತಿರಾಜ್ ಅವರನ್ನು ಬಲ್ಲವರೆಲ್ಲ ಮೊದಲು ಹೇಳುತ್ತಿದ್ದ ಮಾತು, ಅವರು ತುಂಬಾ ಹೆದರುವ ಮನುಷ್ಯ ಎಂದು. ಕಾರು ಓಡಿಸಲು ಹೆದರಿ ಲೈಸೆನ್ಸನ್ನೇ ಮಾಡಿಸಿರಲಿಲ್ಲ. ಚಳಿಗಾಲದಲ್ಲಿ ಕಾಲುವೆಯ ಅಂಚಿನ ದಾರಿ ಬಿಟ್ಟು ಸುತ್ತಿ ಬರುತ್ತಿದ್ದರು. ನಲವತ್ತು ದಾಟಿದರೂ ಮದುವೆಯಾಗದಿದ್ದುದಕ್ಕೆ ಅವರ ತಾಯಿ ಲೀಲಮ್ಮ ಕೊಡುತ್ತಿದ್ದ ಕಾರಣವೂ ಅದೇ: "ಹೆಣ್ ನೋಡಕ್ ಹೋದವ್ನು ಹಿತ್ಲು ಬಾಗ್ಲಲ್ಲಿ ಓಡ್ ಬಂದ ಕಣವ್ವ."

ನಾನು ಅವರ ಮನೆಗೆ ಹೋಗಿಬರತೊಡಗಿದ್ದು ಇಲ್ಲಿ ಹೇಳಹೊರಟಿರುವ ಘಟನೆಯ ನಂತರ. ಆದ್ದರಿಂದ ತಾಯಿ, ಮಗ ಇಬ್ಬರೂ ಹೇಳಿದ್ದರಲ್ಲಿ ಒಂದಕ್ಕೊಂದು ಹೊಂದುವಷ್ಟನ್ನೇ ಬರೆಯುತ್ತಿದ್ದೇನೆ.

ಯತಿರಾಜ್ ಮಂಡ್ಯದ ಕಡೆಯವರು. ಸಕ್ಕರೆ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ಫಿಟ್ಟರ್ ಆಗಿದ್ದು, ಆಮೇಲೆ ಹಡಗಿನ ಇಂಜಿನ್ ರೂಮಿಗೆ ಸೇರಿ, ಕೊನೆಗೆ ನೆದರ್ಲೆಂಡ್ಸ್‌ನಲ್ಲಿ ಇಳಿದು ಕೀಸ್ ಎಂಬ ಯಜಮಾನನ ಬಳಿ ಕೆಲಸಕ್ಕೆ ನಿಂತರು. ಮನೆಗಳ ನೆಲವನ್ನು ಬೆಚ್ಚಗಿಡುವ ಕೆಲಸ. ನೆಲದ ಗಾರೆಯೊಳಗೆ ಬಿಸಿನೀರಿನ ಪ್ಲಾಸ್ಟಿಕ್ ಪೈಪುಗಳನ್ನು ಜಿಲೇಬಿಯಂತೆ ಸುತ್ತಿ ಹೂಳುತ್ತಾರೆ. ಆ ಪೈಪುಗಳೆಲ್ಲ ಬಂದು ಸೇರುವುದು ಮೆಟ್ಟಿಲ ಕೆಳಗಿನ ಗೂಡಿನಲ್ಲಿರುವ ಮ್ಯಾನಿಫೋಲ್ಡ್‌ಗೆ. ಎರಡು ದಪ್ಪ ಹಿತ್ತಾಳೆ ಕೊಳವೆಗಳು, ಕೆಚ್ಚಲಿಗೆ ಮೊಲೆಗಳಿದ್ದಂತೆ ಅವಕ್ಕೆ ಸಾಲಾಗಿ ಪೈಪುಗಳು, ಪಕ್ಕದಲ್ಲೊಂದು ಪಂಪು. ಬಾಯ್ಲರಿನಿಂದ ಬರುವ ನೀರು ಕೈ ಸುಡುವಷ್ಟು ಬಿಸಿ. ಒಂದು ವಾಲ್ವು ಅದನ್ನು ಸ್ವಲ್ಪಸ್ವಲ್ಪವೇ ಒಳಗೆ ಬಿಟ್ಟು, ನೆಲ ಸುತ್ತಿ ತಣ್ಣಗಾಗಿ ಬಂದ ನೀರಿನೊಡನೆ ಬೆರೆಸಿ, ಸ್ನಾನದ ನೀರಿನ ಹದಕ್ಕೆ ತರುತ್ತದೆ. ವಾಲ್ವು ಕೈಕೊಟ್ಟರೆ ಕಾಯಲೆಂದು ಪೈಪಿಗೆ ಒಂದು ಪುಟ್ಟ ಥರ್ಮೋಸ್ಟಾಟ್ ಕಟ್ಟಿರುತ್ತಾರೆ. ನೀರು ಮಿತಿ ಮೀರಿ ಕಾದರೆ ಅದು ಪಂಪನ್ನು ನಿಲ್ಲಿಸುತ್ತದೆ.

ಹೆದರುವವರಿಗೆ ಹೇಳಿ ಮಾಡಿಸಿದಂಥ ಕೆಲಸ. ಗಾರೆ ಸುರಿಯುವ ಮೊದಲು ಯತಿರಾಜ್ ಪೈಪುಗಳಲ್ಲಿ ನೀರು ಒತ್ತಿ ತುಂಬಿ, ಒತ್ತಡದ ಮುಳ್ಳು ಇಳಿಯುತ್ತದೆಯೋ ಎಂದು ಕಣ್ಣು ಕೀಳದೆ ಕೂರುತ್ತಿದ್ದರು. "ಯತಿ, ಪೈಪಿಗೆ ಜೋಗುಳ ಹಾಡಿದ್ದು ಮುಗೀತಾ?" ಎಂದು ಕೀಸ್ ರೇಗಿಸುತ್ತಿದ್ದ. ಆದರೆ ಯತಿರಾಜ್ ಮುಗಿಸಿ ಬಂದ ಯಾವ ಮನೆಯಿಂದಲೂ ಸೋರಿಕೆಯ ದೂರು ಬಂದಿರಲಿಲ್ಲ.

ತಾವು ಕೊಂಡ ಹಳೆಯ ಪುಟ್ಟ ಮನೆಗೂ ಅವರು ರಜೆಯ ದಿನಗಳಲ್ಲಿ ಅಂಥದೇ ನೆಲ ಮಾಡಿಕೊಂಡರು. ಅದು ಮುಗಿದ ಮೇಲೆಯೇ ತಾಯಿಯನ್ನು ಕರೆಸಿಕೊಂಡದ್ದು. ಲೀಲಮ್ಮನವರಿಗೆ ಬಹಳ ಕಾಲದ ಸಕ್ಕರೆ ಕಾಯಿಲೆ. ಪಾದಗಳು ಜೋಮು ಹಿಡಿದು ಸ್ಪರ್ಶವೇ ತಿಳಿಯುತ್ತಿರಲಿಲ್ಲ. ಒಮ್ಮೆ ಕಾಲಿಗೆ ಗುಂಡುಪಿನ್ನು ಚುಚ್ಚಿಕೊಂಡೇ ಇಡೀ ದಿನ ಓಡಾಡಿದ್ದರು. ನೆಲದ ಮೇಲಿನ ರಕ್ತ ನೋಡಿ ಮಗನೇ ಕಂಡುಹಿಡಿಯಬೇಕಾಯಿತು. ಅವರು ಮಂಚ ಹತ್ತುತ್ತಿರಲಿಲ್ಲ. "ಅದ್ರ ಮೇಲೆ ಮನಿಕಂಡ್ರೆ ಉಯ್ಯಾಲೆ ತೂಗ್ದಂಗಾಯ್ತದೆ" ಎಂದು ಮೆಟ್ಟಿಲ ಗೂಡಿನ ಮುಂದೆ, ಓಣಿಯಂಥ ಜಾಗದಲ್ಲಿ, ಚಾಪೆ ಹಾಸಿಕೊಳ್ಳುತ್ತಿದ್ದರು. ಎಲ್ಲ ಪೈಪುಗಳೂ ಒತ್ತೊತ್ತಾಗಿ ಮ್ಯಾನಿಫೋಲ್ಡಿಗೆ ಬರುವುದು ಅಲ್ಲೇ. ಮನೆಯಲ್ಲಿ ಅತಿ ಬೆಚ್ಚಗಿನ ಜಾಗ ಅದು ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ತೊಂಬತ್ತೇಳರ ಜನವರಿಯಲ್ಲಿ ಕಾಲುವೆಗಳೆಲ್ಲ ಹೆಪ್ಪುಗಟ್ಟಿದವು. ಎಷ್ಟೋ ವರ್ಷ ನಡೆಯದಿದ್ದ ಹನ್ನೊಂದು ಊರುಗಳ ಸ್ಕೇಟಿಂಗ್ ಪಂದ್ಯ ಆ ಶನಿವಾರ ಉತ್ತರದಲ್ಲಿ ಇತ್ತು. ಕೀಸ್ ವ್ಯಾನು ತೆಗೆದುಕೊಂಡು ಅಲ್ಲಿಗೆ ಹೊರಟುಹೋಗಿದ್ದ. ಪಕ್ಕದ ಮನೆಯವರೂ ಹೋಗಿದ್ದರು. ಪೈಪು, ವಾಲ್ವುಗಳ ಸಾಮಾನಿನ ಅಂಗಡಿಗೂ ಬೀಗ.

ಆ ಬೆಳಿಗ್ಗೆ ಡೆಲ್ಫ್ಟ್‌ನಿಂದ ದಿವಾಕರ ಫೋನು ಮಾಡಿದ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದ, ಯತಿರಾಜ್ ಅವರಿಗೆ ಪರಿಚಯದ ಕನ್ನಡದ ಹುಡುಗ. ಮನೆಯಲ್ಲಿ ಹೆಂಡತಿ ಸ್ಮೃತಿ, ಎಳೆ ಕೂಸು. "ಅಂಕಲ್, ಪಂಪು ನಿಂತು ನಿಂತು ಹೋಗ್ತಿದೆ. ಫ್ಲೋರ್ ಪೂರ್ತಿ ಕೋಲ್ಡು. ಪಾಪು ಕೈಯೆಲ್ಲ ಐಸ್ ಆಗ್ಬಿಟ್ಟಿದೆ." ಹಿಂದೆ ಕೂಸಿನ ಅಳು ಕೇಳುತ್ತಿತ್ತು. ಪಂಪು ಸುಮ್ಮಸುಮ್ಮನೆ ನಿಲ್ಲುತ್ತಿದ್ದರೆ ಥರ್ಮೋಸ್ಟಾಟ್ ಕೆಟ್ಟಿರಬೇಕು ಎಂದುಕೊಂಡರು ಯತಿರಾಜ್. ಅಂಗಡಿ ತೆರೆದಿಲ್ಲ. ಅವರು ಸ್ವಲ್ಪ ಹೊತ್ತು ನಿಂತು ಯೋಚಿಸಿ, ತಮ್ಮ ಮನೆಯ ಗೂಡಿನ ಬಾಗಿಲು ತೆಗೆದು ಅಲ್ಲಿದ್ದ ಥರ್ಮೋಸ್ಟಾಟನ್ನು ಬಿಚ್ಚಿದರು.

"ಅದ್ಯಾಕ್ಲಾ ಕಿತ್ತೀಯೆ? ನಂಗೆ ಚಳಿ ಹೊಡ್ಯಕ್ಕಾ?" ಎಂದರು ಲೀಲಮ್ಮ.

"ಇಲ್ಲ ಕಣವ್ವ, ಪಂಪು ಓಡ್ತಾ ಇರ್ತದೆ. ಒಂದ್ ಮನೇಲಿ ಕೂಸು ಅದೆ. ಸಂಜೆಗೆ ತಂದ್ ಹಾಕ್ತೀನಿ."

"ನಿನ್ ನೆಲ ಈ ವಾರವೆಲ್ಲ ಆಗಾಗ ಸತ್ತೋಯ್ತಾ ಇತ್ತು. ಇದನ್ನೂ ಕಿತ್ಕಂಡೋಗು."

ತಾಯಿ ಚಳಿಗೆ ಗೊಣಗುವುದು ಹೊಸದಲ್ಲ. ಯತಿರಾಜ್ ಬಿಚ್ಚಿದ ಎರಡು ತಂತಿಗಳನ್ನು ನೇರವಾಗಿ ಜೋಡಿಸಿ ಪಂಪು ತಿರುಗುವುದನ್ನು ನೋಡಿದರು. ಯಾರು ಬಂದರೂ ಬಾಗಿಲು ತೆಗೆಯಬೇಡ, ಫೋನು ಮುಟ್ಟಬೇಡ ಎಂದು ದಿನದಂತೆ ಹೇಳಿ ರೈಲು ಹಿಡಿದರು.

ಡೆಲ್ಫ್ಟ್‌ನಲ್ಲಿ ಅವರು ತಂದದ್ದನ್ನು ಕೂರಿಸಿ ಪಂಪು ಹಾಕಿದರು. ಅದು ತಿರುಗಿತು. ಸ್ಮೃತಿ "ಅಬ್ಬಾ, ಥ್ಯಾಂಕ್ಸ್ ಅಂಕಲ್" ಎಂದು ಕಾಫಿ ತರಲು ಹೋದಳು. ಅವಳು ಕಾಫಿ ತರುವಷ್ಟರಲ್ಲಿ ಪಂಪು ಮತ್ತೆ ನಿಂತಿತು.

ಯತಿರಾಜ್ ಪೈಪಿಗೆ ಕೈ ತಾಗಿಸಿ ಸರ್ರನೆ ಹಿಂದಕ್ಕೆಳೆದುಕೊಂಡರು. ಥರ್ಮೋಸ್ಟಾಟ್ ಕೆಟ್ಟಿರಲಿಲ್ಲ, ಅದು ತನ್ನ ಕೆಲಸವನ್ನೇ ಮಾಡುತ್ತಿತ್ತು. ಬಾಯ್ಲರಿನ ನೀರು ಬೆರಕೆಯಿಲ್ಲದೆ ನೇರವಾಗಿ ನುಗ್ಗುತ್ತಿತ್ತು. ವಾಲ್ವನ್ನು ಬಿಚ್ಚಿ ನೋಡಿದರೆ ಒಳಗೆ ಕಾಡಿಗೆಯಂಥ ಕಪ್ಪು ಕೆಸರು ಕಟ್ಟಿಕೊಂಡು, ಅದು ತೆರೆದಲ್ಲಿಯೇ ಸಿಕ್ಕಿಬಿದ್ದಿತ್ತು.

ಆಗ ತಾಯಿಯ ಮಾತು ನೆನಪಾಯಿತು. ಮನೆಯಲ್ಲೂ ಪಂಪು ಆಗಾಗ ನಿಂತಿದೆ. ಅಲ್ಲಿರುವುದೂ ಇಂಥದೇ ವಾಲ್ವು. ಅಲ್ಲಿಯೂ ಅದು ಸಿಕ್ಕಿಕೊಂಡಿದ್ದರೆ, ತಡೆಯಬೇಕಾದ ಥರ್ಮೋಸ್ಟಾಟ್ ಇಲ್ಲಿ ತಮ್ಮ ಕಣ್ಣೆದುರಿಗಿದೆ. ಈ ಚಳಿಗೆ ಬಾಯ್ಲರು ಬಿಡುವಿಲ್ಲದೆ ಉರಿಯುತ್ತಿರುತ್ತದೆ. ಅವ್ವ ಗೂಡಿನ ಮುಂದೆ ಮಲಗಿರುತ್ತಾಳೆ.

"ಅಂಕಲ್, ಏನಾಯ್ತು? ಮುಖ ಬಿಳಿಚ್ಕೊಂಡಿದೆ" ಎಂದ ದಿವಾಕರ.

ಯತಿರಾಜ್ ಮನೆಗೆ ಫೋನು ಮಾಡಿದರು. ಅದು ಬಾರಿಸುತ್ತಲೇ ಇತ್ತು. ವಿಷಯ ಕೇಳಿ ದಿವಾಕರ ಪೊಲೀಸರಿಗೆ ಫೋನು ಮಾಡಿದ. ಆ ಕಡೆಯವನು ಬೆಂಕಿ ಬಿದ್ದಿದೆಯೇ ಎಂದು ಕೇಳಿದ. ಇಲ್ಲ. ಆಕೆಗೆ ಕಾಯಿಲೆಯೇ? ಸಕ್ಕರೆ ಕಾಯಿಲೆ. ನೆಲ ಬಿಸಿಯಾಗಿರಬಹುದು ಎಂದಾಗ ಅವನಿಗೆ ಅರ್ಥವೇ ಆಗಲಿಲ್ಲ. ರಸ್ತೆಗಳಲ್ಲಿ ಜನ ಜಾರಿ ಬೀಳುತ್ತಿದ್ದಾರೆ, ಕಾರು ಬಿಡುವಾದರೆ ಕಳಿಸುತ್ತೇನೆ ಎಂದ.

"ನೀವು ಹೊರಡಿ ಅಂಕಲ್. ನಾನು ಇಲ್ಲಿಂದ ಫೋನ್ ಮಾಡ್ತಾನೇ ಇರ್ತೀನಿ. ಪಾಪೂನ ಬೆಚ್ಚಗಿಡೋಕೆ ನಾವು ಆಮೇಲೆ ಫ್ರೆಂಡ್ ಮನೆಗೆ ಹೋಗ್ತೀವಿ."

ಯತಿರಾಜ್ ಬಾಯ್ಲರು ಆರಿಸಿ ಓಡಿದರು. ರೈಲಿನ ತುಂಬ ಜನ ರೇಡಿಯೋಗೆ ಕಿವಿಗೊಟ್ಟು, ಯಾರು ಮುಂದಿದ್ದಾರೆ ಎಂದು ಕೂಗಾಡುತ್ತಿದ್ದರು. ಲೈಡನ್ ಬಳಿ ರೈಲು ಸುಮ್ಮನೆ ನಿಂತುಬಿಟ್ಟಿತು. ಹಳಿ ಬದಲಿಸುವ ಕೀಲು ಹಿಮದಲ್ಲಿ ಬಿಗಿದುಕೊಂಡಿದೆಯಂತೆ. ಅಷ್ಟು ವರ್ಷ ಹೆದರಿದ್ದೆಲ್ಲ ಹೆದರಿಕೆಯೇ ಅಲ್ಲ ಎಂದು ಅವರಿಗೆ ಅಲ್ಲಿ ಅನ್ನಿಸಿತಂತೆ. ಮಂಡ್ಯದಲ್ಲಿ ಹಬೆಯ ಪೈಪು ತಾಗಿ ಸುಟ್ಟವರನ್ನು ಕಂಡಿದ್ದರು. ಆದರೆ ಅವರೆಲ್ಲ ಕಿರುಚಿ ಕೈ ಎಳೆದುಕೊಂಡವರು. ಅವ್ವನ ಕಾಲಿಗೆ ಎಳೆದುಕೊಳ್ಳಬೇಕು ಎಂದೇ ತಿಳಿಯುವುದಿಲ್ಲ. ಅವಳು ಇನ್ನೊಂದು ಕಂಬಳಿ ಹೊದ್ದು, ಹಾಯಾಗಿ ಮಲಗಿಯೇ ಇರುತ್ತಾಳೆ. ಎದುರಿನ ಸೀಟಿನ ಮುದುಕ "ನಿಮ್ಮವನು ಗೆಲ್ತಾನೆ ಬಿಡ್ರಿ" ಎಂದು ಸಮಾಧಾನ ಹೇಳಿ ಅವರ ಕೈಗೆ ಪೆಪ್ಪರ್‌ಮಿಂಟು ಕೊಟ್ಟ.

ಹಾರ್ಲೆಮ್‌ನ ನಿಲ್ದಾಣದಿಂದ ಮನೆಯವರೆಗೆ, ಕಾಲುವೆಯ ಅಂಚಿನಲ್ಲೇ, ಜಾರಿ ಬಿದ್ದು ಎದ್ದು ಓಡಿದರು. ಬಾಗಿಲ ಹೊರಗೇ ಫೋನು ಬಾರಿಸುವುದು ಕೇಳಿಸಿತು. ಬಾಗಿಲು ತೆಗೆದರೆ ಮುಖಕ್ಕೆ ಬಿಸಿ ಗಾಳಿ ಬಡಿಯಿತು. ಬೂಟು ಕಳಚಿ ಎರಡು ಹೆಜ್ಜೆ ಇಟ್ಟವರು ಕಾಲೆತ್ತಿಕೊಂಡರು. ಕಾಲುಚೀಲದೊಳಗಿಂದಲೂ ಚುರುಗುಟ್ಟುತ್ತಿತ್ತು.

ಲೀಲಮ್ಮ ಚಾಪೆಯ ಮೇಲೆ ಎರಡು ಕಂಬಳಿ ಹೊದ್ದು ಅಂಗಾತ ಮಲಗಿದ್ದರು. ಚಾಪೆಗಿಂತ ಉದ್ದದ ಆಳು ಅವರು. ಪಾದಗಳು ಬರಿ ನೆಲದ ಮೇಲಿದ್ದವು.

"ಅವ್ವಾ!"

ಅವರು ಕಂಬಳಿ ಸಮೇತ ತಾಯಿಯನ್ನು ಬಾಚಿಕೊಂಡು ಮೆಟ್ಟಿಲ ಮೇಲೆ ಕೂರಿಸಿದರು. ಆಗ ಲೀಲಮ್ಮ ಕಣ್ಣು ಬಿಟ್ಟರು.

"ಯಾಕ್ಲಾ ಎಬ್ಬಿಸ್ದೆ? ಇವತ್ತು ಕಣ್ಲಾ ನಿನ್ ನೆಲ ನೆಟ್ಟಗೆ ಬೆಚ್ಚಗಾಗಿದ್ದು." ಆಮೇಲೆ ಫೋನಿನ ಕಡೆ ತಿರುಗಿ, "ಆಗಿಂದ್ಲೂ ಬಡ್ಕತಾ ಅದೆ. ನೀನೇ ಮುಟ್ಬ್ಯಾಡ ಅಂದಿದ್ದಲ್ಲ."

ಯತಿರಾಜ್ ಕೆಳಗೆ ಕುಳಿತು ಪಾದಗಳನ್ನು ಎತ್ತಿ ನೋಡಿದರು. ಎರಡೂ ಹಿಮ್ಮಡಿಯ ಚರ್ಮ ಬೆಳ್ಳಗೆ ಉಬ್ಬಿ, ಎಡಗಡೆಯದು ಆಗಲೇ ಕಿತ್ತು ಬಂದಿತ್ತು.

"ಏನಾಗದೆ?" ಎಂದರು ಲೀಲಮ್ಮ, ಬೇರೆ ಯಾರದೋ ಕಾಲನ್ನು ನೋಡುವಂತೆ ಬಗ್ಗಿ.

ಆಸ್ಪತ್ರೆಯಲ್ಲಿ ಯತಿರಾಜ್ ಎಲ್ಲವನ್ನೂ ತಾಯಿಗೆ ಹೇಳಿದರು. ತಂತಿ ಜೋಡಿಸಿದ್ದು, ಅವರ ಮಾತಿಗೆ ಕಿವಿಗೊಡದೆ ಹೋದದ್ದು. ಲೀಲಮ್ಮ ಬಟ್ಟೆ ಸುತ್ತಿದ ತಮ್ಮ ಪಾದಗಳನ್ನು ನೋಡಿದರು. ಆಮೇಲೆ, "ಕಾಲು ಕುಯ್ತಾರ?" ಎಂದು ಕೇಳಿದರು. ಅವರ ದನಿಯಲ್ಲಿ ಹೆದರಿಕೆ ಕೇಳಿದ್ದು ಅದೇ ಮೊದಲು ಎಂದು ಯತಿರಾಜ್ ನನಗೆ ಹೇಳಿದ್ದಾರೆ. ಗೊತ್ತಿಲ್ಲ ಎಂದರು ಮಗ. ವೈದ್ಯರಿಗೂ ಗೊತ್ತಿರಲಿಲ್ಲ. ಬಲಗಾಲು ಬೇಗ ಮಾಯಿತು. ಎಡ ಹಿಮ್ಮಡಿಯ ಗಾಯ ಮಾತ್ರ ಚಳಿಗಾಲ ಕಳೆದು ಮರಗಳು ಚಿಗುರಿದರೂ ಮುಚ್ಚಲಿಲ್ಲ. ಪ್ರತಿ ಬೆಳಿಗ್ಗೆ ಗಾಯದ ಬಟ್ಟೆ ಬಿಚ್ಚುವಾಗ ಕೊಳೆತ ಕಪ್ಪು ಹರಡಿದೆಯೋ ಎಂದು ಮಗ ನೋಡುತ್ತಿದ್ದರು, ಮಗನ ಮುಖವನ್ನು ತಾಯಿ ನೋಡುತ್ತಿದ್ದರು. ಕಾಲು ಉಳಿಯಿತು. ಕೋಲಿಲ್ಲದೆ ನಡೆಯುವುದು ಮಾತ್ರ ಮತ್ತೆ ಆಗಲಿಲ್ಲ. ಲೀಲಮ್ಮ ಈಗ ಮಂಚದ ಮೇಲೆ ಮಲಗುತ್ತಾರೆ, ಅದನ್ನು ಬೈಯುತ್ತ.

ಯತಿರಾಜ್ ಕೆಲಸ ಬಿಡಲಿಲ್ಲ. ಪ್ರತಿ ಮನೆಯಲ್ಲೂ ಮೊದಲು ವಾಲ್ವನ್ನು ಬಿಚ್ಚಿ ಕೆಸರು ತೊಳೆಯುತ್ತಾರೆ. ಹೊರಡುವ ಮುನ್ನ ಮನೆಯವರನ್ನು ಒಂದು ಮಾತು ಕೇಳುತ್ತಾರೆ: "ಇಲ್ಲಿ ಯಾರಾದರೂ ನೆಲದ ಮೇಲೆ ಮಲಗ್ತಾರಾ?" ಡಚ್ಚರಿಗೆ ಅದು ವಿಚಿತ್ರವಾಗಿ ಕೇಳುತ್ತದೆ. ಕಳೆದ ವಾರ ಒಬ್ಬಾಕೆ ನಗುತ್ತ, "ನಮ್ಮ ಮುದಿ ನಾಯಿ ಒಂದೇ" ಎಂದಳಂತೆ.

"ಎಲ್ಲಿ ಮಲಗುತ್ತೆ?" ಎಂದು ಕೇಳಿ, ಅವಳು ತೋರಿಸಿದ ಕಡೆ ಯತಿರಾಜ್ ಮಂಡಿಯೂರಿ, ನೆಲಕ್ಕೆ ಅಂಗೈ ಒತ್ತಿ, ಅವಳ ನಗು ನಿಂತ ಮೇಲೂ ಹಾಗೆಯೇ ಕುಳಿತಿದ್ದರು.