ಮುದ್ದಮ್ಮನ ಗಾಂಧಾರ

ವೈದ್ಯನಾಥಪುರದ ಸುತ್ತಮುತ್ತ ಯಾರು ಸತ್ತರೂ ಮೊದಲು ಮುದ್ದಮ್ಮನಿಗೆ ಹೇಳಿ ಕಳಿಸುತ್ತಿದ್ದರು. ಹೆಣದ ತಲೆಯ ಹತ್ತಿರ ಕೂತು ಹಾಡಿಕೊಂಡು ಅಳುವುದರಲ್ಲಿ ಆಕೆಯನ್ನು ಮೀರಿಸುವವರಿರಲಿಲ್ಲ. ಸತ್ತವರು ಏನನ್ನು ಆಸೆಪಟ್ಟು ಉಣ್ಣುತ್ತಿದ್ದರು, ಯಾರನ್ನು ಬಯ್ಯುತ್ತಿದ್ದರು, ಯಾವ ಮಗಳ ಮನೆಗೆ ಹೋಗಬೇಕೆಂದುಕೊಂಡು ಹೋಗದೆ ಉಳಿದರು, ಎಲ್ಲವೂ ಆ ಹಾಡಿನಲ್ಲಿ ಬರುತ್ತಿತ್ತು. ಬಿಗಿದುಕೊಂಡು ನಿಂತ ಗಂಡಸರೂ ಟವಲ್ಲಿನಿಂದ ಮುಖ ಮುಚ್ಚಿಕೊಳ್ಳುತ್ತಿದ್ದರಂತೆ. ಉಳಿದ ದಿನಗಳಲ್ಲಿ ಆಕೆ ನಾಟಿಗೆ, ಕಳೆ ಕೀಳಲು ಕೂಲಿ ಹೋಗುವ, ಎಲೆಅಡಿಕೆ ಜಗಿಯುವ, ಯಾರಿಗೂ ಸೊಪ್ಪು ಹಾಕದ ಹೆಂಗಸು.

ಆಕೆಯ ಮೊಮ್ಮಗಳು ಶಾಲಿನಿ ಮಂಡ್ಯದಲ್ಲಿ ನನ್ನ ವಿದ್ಯಾರ್ಥಿನಿ. ನಾನು ಅಲ್ಲಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ನನ್ನ ಪಾಲಿಗೆ ಬಂದದ್ದು ‘ಸಂಗೀತ ಶಾಸ್ತ್ರ ಪರಿಚಯ’ ಎಂಬ ಪತ್ರಿಕೆ. ಪಾಸಾಗುವುದು ಸುಲಭವೆಂದು ಬಿ.ಕಾಂ. ಮಕ್ಕಳೆಲ್ಲ ಅದನ್ನೇ ಆರಿಸಿಕೊಳ್ಳುತ್ತಿದ್ದರು. ನಾನು ಆದಿತಾಳ ಹಾಕುತ್ತಿದ್ದರೆ ಅರ್ಧ ಕ್ಲಾಸು ಬೆಂಚಿನ ಕೆಳಗೆ ಫೋನು ಉಜ್ಜುತ್ತಿತ್ತು. ಶಾಲಿನಿ ಮಾತ್ರ ಕಣ್ಣು ಮಿಟುಕಿಸದೆ ಕೇಳುತ್ತಿದ್ದಳು. ಹಾರ್ಮೋನಿಯಂ ಮನೆಗಳನ್ನು ಒತ್ತಿ ಹನ್ನೆರಡು ಸ್ವರಸ್ಥಾನ ತೋರಿಸಿದ ದಿನ ಎದ್ದು ನಿಂತಳು.

“ಮೇಡಂ, ಈ ಎರಡು ಮನೆ ಮಧ್ಯೆ ಇರೋ ಸ್ವರಕ್ಕೆ ಏನಂತಾರೆ?”

“ಅದು ಪರೀಕ್ಷೆಗೆ ಬರಲ್ಲ, ಕೂತ್ಕೋ,” ಎಂದೆ. ನನಗೆ ಅವತ್ತು ಪಾಠ ಮುಗಿಸುವ ಅವಸರ. ನಿಜ ಹೇಳಬೇಕೆಂದರೆ ಉತ್ತರವೂ ನೆಟ್ಟಗೆ ಗೊತ್ತಿರಲಿಲ್ಲ.

ಮನೆಯಲ್ಲಿ ಹಾಡುವ ಒಂದು ಹಾಡಿಗೆ ಸ್ವರ ಬರೆದು ತನ್ನಿ ಎಂದು ಹತ್ತು ಅಂಕದ ಕೆಲಸ ಕೊಟ್ಟೆ. ಶಾಲಿನಿ ಅಜ್ಜಿಯ ಹಾಡೇ ಬೇಕೆಂದು ಹಟ ಹಿಡಿದಳು. ತಾಯಿ ಸತ್ತ ಮೇಲೆ ಅವಳನ್ನು ಸಾಕಿದ್ದು ಆ ಅಜ್ಜಿಯೇ. ನನಗೂ ಕುತೂಹಲ. ಒಂದು ಭಾನುವಾರ ಅವಳ ಜೊತೆ ಬಸ್ಸು ಹತ್ತಿದೆ.

ಮುದ್ದಮ್ಮ ಚಾಪೆ ಹಾಸಿ ಕಾಫಿ ಕೊಟ್ಟಳು. ನಾನು ಹಾಡಿನ ಮಾತೆತ್ತಿದ ಕೂಡಲೇ ಮುಖ ಗಂಟು ಹಾಕಿಕೊಂಡಳು.

“ಎಣ ಇಲ್ದೆ ಅದ ಆಡ್ಬಾರ್ದು ಕಣವ್ವ. ಬದುಕಿರೋರ್ ಮನೆಗೆ ಸಾವ ಕರ್ದಂಗಾಯ್ತದೆ.”

ಬಿಟ್ಟು ಬರಬಹುದಿತ್ತು. ನಾನು ಬಿಡಲಿಲ್ಲ. “ಮಾತು ಬೇಡಮ್ಮ, ಬರೀ ರಾಗ ಸಾಕು,” ಎಂದು ಗೋಗರೆದೆ. ಮುದ್ದಮ್ಮ ಎಲೆಗೆ ಸುಣ್ಣ ಸವರಿದಳು.

“ಮಾತು ಸತ್ತೋರ್ದು, ರಾಗ ನಂದು. ನಂದ ನಾನ್ ಕೊಟ್ರೆ ಯಾರೇನ್ ಕೇಳಾರು? ಕೂಸ್ಗೆ ನಂಬರ್ ಬರ್ಲಿ ಬುಡು.”

ಬಾಯಿ ಮುಚ್ಚಿಕೊಂಡೇ ಗುನುಗಿದಳು. ಶಾಲಿನಿ ಪಕ್ಕದಲ್ಲಿ ಕೂತು ಪೆನ್ಸಿಲಿನಲ್ಲಿ ನೋಟ್ ಪುಸ್ತಕಕ್ಕೆ ಬರೆದುಕೊಂಡಳು. ಮುಗಿಸಿದ ಮೇಲೆ ಮುದ್ದಮ್ಮ ಮೊಮ್ಮಗಳ ಬೆನ್ನಿಗೆ ಮೆಲ್ಲಗೆ ಗುದ್ದಿದಳು. “ಊರ್ಗೆಲ್ಲ ನಾನಾಡ್ದೆ. ನಾ ಸತ್ತಾಗ ಯಾರಾಡಾರು? ನೀನೇ ಆಡ್ಬೇಕು ಕಣಮ್ಮಿ.” ಮೂವರೂ ನಕ್ಕೆವು.

ಪುಸ್ತಕ ನನ್ನ ಮೇಜಿಗೆ ಬಂದಾಗ ನೋಡಿದೆ, ‘ಗ’ ಎಂಬ ಗಾಂಧಾರ ಸ್ವರ ಬಂದಲ್ಲೆಲ್ಲ ಶಾಲಿನಿ ಒಂದು ಸೊನ್ನೆ ಸುತ್ತಿದ್ದಳು. ‘ಇದು ಎರಡು ಗಾಂಧಾರಗಳ ಮಧ್ಯೆ ಇದೆ’ ಎಂದು ಅಡಿಯಲ್ಲಿ ಬರೆದಿದ್ದಳು. ನಾನು ಕೆಂಪು ಪೆನ್ನು ತೆಗೆದುಕೊಂಡು ಸೊನ್ನೆಗಳನ್ನೆಲ್ಲ ಹೊಡೆದು ಹಾಕಿ, ಎರಡರಲ್ಲಿ ಕೆಳಗಿನ ಮನೆಯ ಗಾಂಧಾರಕ್ಕೆ ತಿದ್ದಿದೆ. ‘ಸಾಧಾರಣ ಗಾಂಧಾರ. ಹಾಡಿದವರ ಸ್ವರ ತಪ್ಪಿದೆ’ ಎಂದು ಷರಾ ಬರೆದು ಎಂಟು ಅಂಕ ಕೊಟ್ಟೆ. ಅಜ್ಜಿಗೆ ತೋರಿಸ್ತೀನಿ ಎಂದು ಅವಳು ಪುಸ್ತಕ ತೆಗೆದುಕೊಂಡು ಹೋದಳು.

ನಾಲ್ಕು ತಿಂಗಳ ಮೇಲೆ ಒಂದು ಬೆಳಿಗ್ಗೆ ಶಾಲಿನಿ ಫೋನು ಮಾಡಿದಳು. “ಅಜ್ಜಿ ಹೋಗ್ಬಿಡ್ತು ಮೇಡಂ.”

ಮಂಡ್ಯದ ಗುತ್ತಲಿನ ನನ್ನ ಮನೆಯಿಂದ ಹೊರಟು ಮದ್ದೂರಿಗೆ ಹೋಗಿ, ಅಲ್ಲಿಂದ ಆಟೋ ಹಿಡಿದು ಊರು ಸೇರಿದೆ. ಮನೆಯ ಮುಂದೆ ಮುದ್ದಮ್ಮನನ್ನು ಮಲಗಿಸಿದ್ದರು. ಸುತ್ತ ಹೆಂಗಸರು ತಲೆ ತಗ್ಗಿಸಿ ಕೂತಿದ್ದರು. ಹಾಡುವವರು ಯಾರೂ ಇರಲಿಲ್ಲ. ಪಕ್ಕದ ಮನೆಯ ಅಂಕಮ್ಮ ನನಗೆ ಜಾಗ ಬಿಟ್ಟು ಪಿಸುಗುಟ್ಟಿದಳು.

“ಮೂರ್ನಾಕು ತಿಂಗ್ಳಿಂದ ಯಾರ್ ಸತ್ರೂವೆ ಬಾಯೇ ಬುಡ್ನಿಲ್ಲ ಕಣವ್ವ ಇವ್ಳು. ಕರ್ಯಾಕೋದ್ರೆ, ‘ನನ್ ರಾಗ ತಪ್ಪು ಅಂತ ಕಾಲೇಜ್ನೋರು ಬರ್ದವ್ರೆ. ಸತ್ತೋರ್ ಮುಂದೆ ತಪ್ಪಾಡಕಾದದಾ’ ಅಂದ್ಬುಡೋಳು. ಬೀದೀಲಿ ಮೂರು ಎಣ ಆಡಿಲ್ದಂಗೆ ಸುಮ್ನೆ ಓದೋ.”

ಆ ಕಾಲೇಜಿನವಳು ನಾನೇ ಎಂದು ಅಂಕಮ್ಮನಿಗೆ ಗೊತ್ತಿರಲಿಲ್ಲ. ನನಗೆ ಮಾತ್ರ ಅಲ್ಲಿ ಕೂರುವ ಮುಖವೇ ಉಳಿಯಲಿಲ್ಲ. ಎದ್ದು ಹೋಗೋಣವೆಂದುಕೊಂಡೆ.

ಅಷ್ಟರಲ್ಲಿ ಶಾಲಿನಿ ಅಜ್ಜಿಯ ತಲೆಯ ಹತ್ತಿರ ಬಂದು ಕೂತಳು. ಬಾಯಿ ತೆರೆದಳು. ಬಂದದ್ದು ಸ್ವರ ಮಾತ್ರ. ಸ, ರಿ, ಗ, ಮತ್ತೆ ರಿ. ಪುಸ್ತಕದಲ್ಲಿ ಬರೆದಂತೆಯೇ ಒಂದು ಸಾಲು, ಇನ್ನೊಂದು ಸಾಲು. ಹೆಂಗಸರು ಮುಖ ಮುಖ ನೋಡಿಕೊಂಡರು.

“ಅದೇನ್ಮಗ ಅದು, ನಿಮ್ಮಜ್ಜಿಗೆ ತಿಳ್ಯಂಗೆ ಆಡು,” ಎಂದಳು ಅಂಕಮ್ಮ.

ಶಾಲಿನಿ ಗಕ್ಕನೆ ನಿಲ್ಲಿಸಿದಳು. ಅಜ್ಜಿಯ ಕೈ ಹಿಡಿದುಕೊಂಡಳು. ಆಮೇಲೆ ಮಾತು ಬಂತು.

“ನಾಟಿ ಕೈಯಾಗೆ ನನ್ ಜಡೆಯ ಎಣೆದೋಳೆ, ಬಸ್ಸು ತಪ್ಪಿದ್ರೆ ಡ್ರೈವರ್ನ ಬೈದೋಳೆ, ಊರ್ಗೆಲ್ಲ ಅತ್ತೋಳೆ ನನ್ನಜ್ಜಿ, ತಪ್ಪು ಅಂದಿದ್ಕೆ ಬಾಯ ಮುಚ್ಕಂಡೋಳೆ…”

ಬೀದಿಯೆಲ್ಲ ಗೊಳೋ ಎಂದಿತು. ಪ್ರತಿ ಸಾಲಿನಲ್ಲೂ ಆ ಗಾಂಧಾರ ಮುದ್ದಮ್ಮ ಗುನುಗಿದ ಜಾಗದಲ್ಲೇ ಬಂದು ನಿಂತಿತು. ನಾನು ತಿದ್ದಿದ ಜಾಗಕ್ಕೆ ಒಂದು ಸಲವೂ ಹೋಗಲಿಲ್ಲ. ಅಲ್ಲಿಗೆ ಹೋಗಿದ್ದರೆ ಆ ಹಾಡು ಅಳುತ್ತಲೇ ಇರಲಿಲ್ಲ, ಅದು ನನ್ನಂಥವಳ ಕಿವಿಗೂ ತಿಳಿಯಿತು. ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ.

ಹೆಣ ಎತ್ತಿಕೊಂಡು ಹೋದ ಮೇಲೆ ಶಾಲಿನಿ ನನ್ನ ಹತ್ತಿರ ಬಂದಳು. ಕ್ಲಾಸಿನ ಅಭ್ಯಾಸವೋ ಏನೋ, ಎದುರಿಗೆ ಕೈಕಟ್ಟಿ ನಿಂತಳು.

“ಮೇಡಂ, ಗ ಸರಿಯಾಗಿತ್ತಾ?”

“ಸರಿಯಾಗಿತ್ತಮ್ಮ,” ಎಂದೆ. “ಅವತ್ತೂ ಸರಿಯಾಗೇ ಇತ್ತು. ತಪ್ಪು ನಂದು.”

ಅವಳು ಖಾಲಿಯಾದ ಆ ಜಾಗದ ಕಡೆ ನೋಡಿದಳು.

“ಅಜ್ಜಿ ಇದ್ದಾಗ ಹೇಳ್ಬೇಕಿತ್ತು ಮೇಡಂ,” ಅಂದಳು.