ಮಕ್ಕಳಿಗೆ ನಡೆಯುತ್ತದೆ ಎಂದೆ

ನಮ್ಮ ಓಣಿಯ ಮಕ್ಕಳು ಯಾವ ಸಿನಿಮಾ ನೋಡಬಹುದು, ಯಾವುದು ಬೇಡ ಎಂದು ಹೇಳುವ ಕೆಲಸ ನನ್ನ ಹೆಂಡತಿಯದಾಗಿತ್ತು. ಯಾರೂ ಅದನ್ನು ಅವಳಿಗೆ ವಹಿಸಿರಲಿಲ್ಲ. ಪಕ್ಕದ ಮನೆಯ ಲಾರಿ ಡ್ರೈವರ್ ದೊಡ್ಡ ಟಿವಿ ತಂದ ಮೇಲೆ ರವಿವಾರ ಮಧ್ಯಾಹ್ನ ಏಳೆಂಟು ಮಕ್ಕಳು ಅವರ ಪಡಸಾಲೆಯಲ್ಲಿ ಸೇರುವುದು ರೂಢಿಯಾಯಿತು. ಡ್ರೈವರನ ಹೆಂಡತಿಯನ್ನು ನಾವು ಭಾಬಿ ಎಂದು ಕರೆಯುತ್ತೇವೆ. ಅವರು ಮೊದಲು ನನ್ನ ಹೆಂಡತಿಯನ್ನು ಕೇಳುತ್ತಿದ್ದರು. ಅವಳು ರೊಟ್ಟಿ ಬಡಿಯುತ್ತ, ಮೊಬೈಲನ್ನು ಹಿಟ್ಟಿನ ಡಬ್ಬಿಗೆ ಆನಿಸಿಟ್ಟು ಪೂರ್ತಿ ನೋಡುತ್ತಿದ್ದಳು. ಆಮೇಲೆ ‘ನಡೀತೈತಿ’ ಅಥವಾ ‘ಬ್ಯಾಡ’ ಎಂಬ ಒಂದೇ ಮಾತು. ಏಕೆ ಎಂದು ಕೇಳಿದರೆ ಹೇಳುತ್ತಿರಲಿಲ್ಲ. ನಾನೂ ಒತ್ತಾಯ ಮಾಡಿ ಕೇಳಲಿಲ್ಲ.

ಅವಳು ಹೋದದ್ದು ಚಳಿಗಾಲದ ಕೊನೆಗೆ, ಐದು ದಿನದ ಜ್ವರದಲ್ಲಿ. ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಬಿದ್ದಾಗ ಭಾಬಿ ಬೈಲಹೊಂಗಲದ ಬಜಾರಿನಲ್ಲಿರುವ ನನ್ನ ಟೇಲರ್ ಅಂಗಡಿಗೆ ಬಂದರು. ಹೊಲಿಯಲು ಏನೂ ತಂದಿರಲಿಲ್ಲ.

“ಅಣ್ಣಾರ, ಹುಡುಗ್ರು ಒಂದು ಪಿಕ್ಚರ್ ಹಚ್ಚಂತ ಹಟಾ ಹಿಡದಾವ್ರಿ. ಭಾಳ ನಗಸ್ತೈತಂತ. ಆದ್ರ ಅದರಾಗ ಒಂದು ಹೆಣ ಐತಂತ. ನೀವು ಒಂದ್ ಸಲ ನೋಡಿ ಹೇಳ್ತೀರೇನ್ರಿ?”

“ನನಗ ಇದೆಲ್ಲ ಎಲ್ಲಿ ತಿಳೀತೈತ್ರಿ ಭಾಬಿ. ನಿಮ್ಮ ಮನ್ಯಾವ್ರಿಗೆ ತೋರಸ್ರಿ.”

“ಅವರೇನ್ರಿ, ಲಾರಿ ಪಲ್ಟಿ ಆದ್ರೂ ನಗತಾರ. ನೀವು ನಗಂಗಿಲ್ಲ. ನಿಮಗ ನಡದ್ರ ಊರಿಗೆಲ್ಲ ನಡೀತೈತಿ.”

ಹಾಗೆಂದು ನಕ್ಕರು. ನಗಬಾರದಿತ್ತೇನೋ ಎಂಬಂತೆ ಕೂಡಲೇ ಸೆರಗನ್ನು ಬಾಯಿಗೆ ಹಿಡಿದರು.

ಮರುದಿನ ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಮೊಬೈಲನ್ನು ಮಶೀನಿನ ಮೇಲಿಟ್ಟುಕೊಂಡು ನೋಡಿದೆ. ಮೊಮ್ಮಗಳ ಮದುವೆಗೆ ಎರಡು ದಿನ ಇರುವಾಗ ಅಜ್ಜಿ ಸಾಯುತ್ತಾಳೆ. ಸುದ್ದಿ ಹೊರಬಿದ್ದರೆ ಮದುವೆ ನಿಲ್ಲುತ್ತದೆ. ಅದಕ್ಕೆ ಮನೆಯವರು ಅವಳಿಗೆ ಹೊಸ ಸೀರೆ ಉಡಿಸಿ, ಕಪ್ಪು ಕನ್ನಡಕ ಹಾಕಿ, ಕಲ್ಯಾಣ ಮಂಟಪದಲ್ಲಿ ಕುರ್ಚಿಯ ಮೇಲೆ ಕೂರಿಸುತ್ತಾರೆ. ಬಂದವರೆಲ್ಲ ಅವಳ ಕಾಲಿಗೆ ಬೀಳುತ್ತಾರೆ. ಒಬ್ಬ ಮುದುಕ ಪಕ್ಕದಲ್ಲಿ ಕುಳಿತು ತನ್ನ ಮಂಡಿನೋವಿನ ಕಥೆಯನ್ನೆಲ್ಲ ಹೇಳಿ, ನನ್ನ ಮಾತನ್ನು ಇಷ್ಟು ಸಮಾಧಾನದಿಂದ ಯಾರೂ ಕೇಳಿರಲಿಲ್ಲ ಎಂದು ಕಣ್ಣೊರೆಸಿಕೊಳ್ಳುತ್ತಾನೆ.

ಅಲ್ಲಿ ನಾನು ನಕ್ಕುಬಿಟ್ಟೆ. ಮೂರು ತಿಂಗಳ ಮೇಲೆ ಬಂದ ಆ ಸದ್ದು ನನ್ನದೇ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಎದುರಿನ ಪಾನ್ ಅಂಗಡಿಯವನು ತಲೆ ಎತ್ತಿ ನೋಡಿದ. ನನಗೆ ನಾಚಿಕೆಯಾಯಿತು. ಮೊಬೈಲ್ ಆರಿಸಿ ಒಂದು ಬ್ಲೌಸು ಕೈಗೆತ್ತಿಕೊಂಡೆ. ಇನ್ನೂ ಇಪ್ಪತ್ತು ನಿಮಿಷದ ಸಿನಿಮಾ ಉಳಿದಿತ್ತು. ರಕ್ತ ಇಲ್ಲ, ಕುಡಿತ ಇಲ್ಲ, ಕೆಟ್ಟ ಬೈಗಳು ಇಲ್ಲ. ಸಂಜೆ ಭಾಬಿಗೆ ಹೇಳಿದೆ: “ನಡೀತೈತ್ರಿ. ಮಕ್ಕಳಿಗೆ ನಡೀತೈತಿ.”

ಕುಳಿತ ಹೆಣ ನನಗೆ ದೊಡ್ಡ ಮಾತಾಗಿ ಕಾಣಲೇ ಇಲ್ಲ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೈ ತೊಳೆದು, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ವಾಲಬಾರದೆಂದು ಎದೆಗೆ ಬಟ್ಟೆ ಸುತ್ತಿ ಗೋಡೆಯ ಗೂಟಕ್ಕೆ ಕಟ್ಟುತ್ತಾರೆ. ಹೊರುವುದೂ ಕೂರಿಸಿಕೊಂಡೇ, ಮಣ್ಣಿನಲ್ಲಿ ಇಡುವುದೂ ಕೂರಿಸಿಯೇ. ನನ್ನ ಹೆಂಡತಿ ಮುತ್ತೈದೆಯಾಗಿ ಹೋದವಳು. ಹಸಿರು ಸೀರೆ, ಹಸಿರು ಬಳೆ, ಹಣೆ ತುಂಬ ಕುಂಕುಮ, ಮಡಿಲಲ್ಲಿ ಉಡಿ ತುಂಬಿದ ಅಕ್ಕಿ. ಆಸ್ಪತ್ರೆಯಿಂದ ಅವಳನ್ನು ತಂದಾಗ ನಮ್ಮ ಎಂಟು ವರ್ಷದ ಮಗಳು ಭಾಬಿಯ ಮನೆಯಲ್ಲಿದ್ದಳು. ಅವಳನ್ನು ಕರೆತರುವ ಹೊತ್ತಿಗೆ ತಾಯಿ ಕುಳಿತಾಗಿತ್ತು. ಮಗಳು ಹೊಸ್ತಿಲಲ್ಲಿ ನಿಂತು ಬಹಳ ಹೊತ್ತು ನೋಡಿದಳು. ಅಳಲಿಲ್ಲ. ಹೆದರಲಿಲ್ಲವಲ್ಲ, ಅಷ್ಟೇ ಸಾಕು ಎಂದುಕೊಂಡಿದ್ದೆ.

ರವಿವಾರ ಪಕ್ಕದ ಮನೆಯಿಂದ ಮಕ್ಕಳು ಹೋ ಎಂದು ನಗುವುದು ನಮ್ಮ ಅಂಗಳಕ್ಕೂ ಕೇಳಿಸಿತು. ಮಗಳು ಬಂದವಳೇ ಏನೂ ಹೇಳದೆ ಒಳಗೆ ಹೋದಳು. ಹಿಂದೆಯೇ ಭಾಬಿ ಬಂದರು.

“ನಿಮ್ಮ ಮಗಳು ಒಂದ್ ಸಲಾನೂ ನಗಲಿಲ್ಲ ನೋಡ್ರಿ. ಕಡೀಗೆ ಎದ್ದು ಟಿವಿ ಮುಂದ ಹೋಗಿ ನಿಂತ್ಲು. ಹಿಂದಿನ ಹುಡುಗ್ರು ಎಷ್ಟ್ ಒದರಿದ್ರೂ ಸರೀಲಿಲ್ಲ.”

“ಕಡೀಗೆ ಏನಾಗತೈತ್ರಿ?”

“ಯಾಕ್ರಿ, ನೀವು ನೋಡೀರಲ್ಲ?”

ನಾನು ಬಾಗಿ ಮಗಳ ಚಪ್ಪಲಿ ಜೋಡಿಸಿಟ್ಟೆ.

“ಮುದುಕಿ ಸತ್ತಿರೂದ ಇಲ್ಲಲ್ರಿ! ಲಗ್ನ ಮುಗದ ಮ್ಯಾಲೆ ಮೊಮ್ಮಗಳು ಬಂದು, ಅಜ್ಜಿ ಚಾ ಕುಡೀತಿಯೇನು ಅಂತಾಳ. ಮುದುಕಿ ಚಷ್ಮಾ ತಗದು, ಸಕ್ರಿ ಕಡಿಮಿ ಹಾಕು ಅಂತೈತಿ.” ಭಾಬಿ ನಗುತ್ತಲೇ ನನ್ನ ಮುಖ ನೋಡಿ ನಿಲ್ಲಿಸಿದರು.

ಮರುದಿನ ಮುಂಜಾನೆ ಮಗಳ ಜಡೆ ಹಾಕುತ್ತಿದ್ದೆ. ಆ ಕೆಲಸ ಆಗಷ್ಟೇ ಕಲಿತಿದ್ದೆ.

“ಅಪ್ಪಾ, ಅವ್ವನ್ನ ಯಾಕ ಕಟ್ಟಿದ್ರು?”

“ಬೀಳಬಾರದಂತ.”

“ಮಣ್ಣಾಗೂ ಕುಂತಾಳ?”

“ಹೂಂ.”

ಮುಂದೆ ಏನೂ ಕೇಳಲಿಲ್ಲ. ಅಂದು ಅಂಗಡಿಯಿಂದ ಊಟಕ್ಕೆ ಬಂದಾಗ, ತಾಯಿಯನ್ನು ಕೂರಿಸಿದ್ದ ಗೋಡೆಯ ಹತ್ತಿರ ಒಂದು ತಂಬಿಗೆ ನೀರು ಇತ್ತು. ಎತ್ತಿಟ್ಟೆ. ಮರುದಿನ ಅಲ್ಲಿಯೇ ಒಂದು ಕಪ್ ಚಹಾ ಇತ್ತು. ಮೇಲೆ ಕೆನೆ ಕಟ್ಟಿ, ಕೆಳಗಿನ ಬಸಿಯ ಸುತ್ತ ಇರುವೆ ಹತ್ತಿದ್ದವು. ಬಚ್ಚಲಿಗೆ ಚೆಲ್ಲಿದೆ. ಅವಳು ನೋಡುತ್ತಿದ್ದಳು. ಆ ವಾರ ಅವಳು ಆಟಕ್ಕೆ ಹೊರಗೆ ಹೋಗಲಿಲ್ಲ. ಕರೆದರೆ ತಡವಾಗಿ ಓ ಎನ್ನುತ್ತಿದ್ದಳು. ಒಂದು ಸಲ ನೋಡಿದರೆ ಕೆನ್ನೆ ಉಬ್ಬಿಸಿ ಉಸಿರು ಹಿಡಿದು ಗಡಿಯಾರ ನೋಡುತ್ತಿದ್ದಳು. ಏನು ಮಾಡುತ್ತಿದ್ದಿ ಎಂದರೆ “ಏನಿಲ್ಲ” ಎಂದಳು. ಮಶೀನಿನ ಮುಂದೆ ಕುಳಿತರೂ ನನ್ನ ಜೀವವೆಲ್ಲ ಮನೆಯ ಕಡೆಗೇ ಇರುತ್ತಿತ್ತು. ಆದರೂ ಮತ್ತೆ ಕೇಳಲಿಲ್ಲ. ಕೇಳದಿದ್ದರೆ ತಾನಾಗಿ ಹೋದೀತು ಎಂದುಕೊಂಡೆ.

ಶುಕ್ರವಾರ ಮಧ್ಯಾಹ್ನ ಊಟಕ್ಕೆ ಬಂದೆ. ಬಾಗಿಲು ಮುಚ್ಚಿತ್ತು, ಚಿಲಕ ಹಾಕಿರಲಿಲ್ಲ. ಕರೆದೆ, ಉತ್ತರವಿಲ್ಲ. ಒಳಗೆ ಅವಳು ಗೋಡೆಗೆ ಒರಗಿ ಕುಳಿತಿದ್ದಳು. ತಾಯಿಯ ಹಳೆಯ ಸೀರೆಯನ್ನು ಮೈಗೆ ಸುತ್ತಿಕೊಂಡಿದ್ದಳು. ಅದರ ತುದಿ ಮೇಲಿನ ಗೂಟದಲ್ಲಿತ್ತು. ಹಣೆ ತುಂಬ ಕುಂಕುಮ, ಕೈ ಎರಡೂ ಮೊಣಕಾಲ ಮೇಲೆ, ಕಣ್ಣು ಮುಚ್ಚಿತ್ತು. ಸೀರೆ ಸುತ್ತಿದ್ದು ಎದೆಗೆ, ಕುತ್ತಿಗೆಗಲ್ಲ ಎಂದು ಆಮೇಲೆ ಕಂಡಿತು. ಹೆಸರು ಹಿಡಿದು ಕೂಗಿದೆ. ಅಲುಗಲಿಲ್ಲ. ಮತ್ತೆ ಕೂಗಿದೆ. ಮೂರನೆಯ ಸಲಕ್ಕೆ ಕಣ್ಣು ತೆರೆದಳು.

“ನೀ ಕರದಿ, ನಾ ಎದ್ದೆ,” ಎಂದಳು. “ಅವ್ವನ್ನ ಯಾರೂ ಕರೀಲಿಲ್ಲ. ಎಲ್ಲಾರೂ ಬರೇ ಅತ್ರು. ಏಳು ಅಂತ ಒಬ್ಬರೂ ಅನಲಿಲ್ಲ.”

“ಅವ್ವ ಸತ್ತಿದ್ಲವಾ.”

“ನೀ ಮುಟ್ಟಿ ನೋಡಿದ್ದೇನು?”

ಮುಟ್ಟಿರಲಿಲ್ಲ. ಆಸ್ಪತ್ರೆಯಲ್ಲಿ ನನ್ನನ್ನು ಹೊರಗೆ ನಿಲ್ಲಿಸಿದ್ದರು. ಮನೆಗೆ ತಂದ ಮೇಲೆ ಹೆಂಗಸರು ಮರೆ ಹಿಡಿದು ಮೈ ತೊಳೆದರು. ನಾನು ಹೂವಿನ ಹಾರ ಹಾಕಿದಾಗಲೂ ಬೆರಳು ಹೂವಿಗಷ್ಟೇ ತಾಗಿತ್ತು. ಹೌದು ಎಂದು ಸುಳ್ಳು ಹೇಳಬಹುದಿತ್ತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

“ಇಲ್ಲ,” ಎಂದೆ.

“ಹಂಗಾರ ನಿನಗೂ ಗೊತ್ತಿಲ್ಲ.”

“ದೊಡ್ಡವ್ವಗ ಗೊತ್ತೈತಿ,” ಎಂದೆ. ನನ್ನ ಹೆಂಡತಿಯ ಅಕ್ಕನೇ ಮುಂದೆ ನಿಂತು ಅವಳ ಮೈ ತೊಳೆದದ್ದು. ಅವರು ಇರುವುದು ಚಚಡಿಯಲ್ಲಿ. ಊಟ ಮಾಡದೆ ಇಬ್ಬರೂ ಬಸ್ ಹತ್ತಿದೆವು. ಬಸ್ಸು ಊರು ದಾಟಿದ ಮೇಲೆ ಮಗಳು, ಮನೆಯ ಸಾಮಾನಿನ ಮಾತಾಡುವಂತೆ ಹೇಳಿದಳು: “ದೊಡ್ಡವ್ವಗೂ ಗೊತ್ತಿಲ್ಲಂದ್ರ ಮಣ್ಣು ತಗಸಬೇಕು, ಅಪ್ಪಾ.” ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿ, ಮತ್ತೆ ಮುಂದಕ್ಕೆ ತಿರುಗಿದಳು. ನಾನು ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡೆ.

ದೊಡ್ಡವ್ವ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದರು. ನಾನು ನಿಂತೇ ಎಲ್ಲ ಹೇಳಿದೆ. ಅವರು ನನ್ನನ್ನು ಬೈಯಲಿಲ್ಲ. ಕೈ ಒರೆಸಿಕೊಂಡು ಮಗುವನ್ನು ಎದುರಿಗೆ ಕೂರಿಸಿಕೊಂಡರು.

“ನಿಮ್ಮವ್ವಗ ನಾನ ಎರದೀನಿ. ಬಿಸಿನೀರು ಹಾಕಿದ್ರ ಮೈ ಬಿಸಿ ಆಗಬೇಕೋ ಬ್ಯಾಡೋ? ಆಗಲಿಲ್ಲ. ನೀರು ಇಳದು ಹೋತು, ಮೈ ತಣ್ಣಗ ಉಳೀತು. ಬಳಿ ಇಡಾಕ ಹೋದ್ರ ಬೆರಳು ಮಡಚಲಿಲ್ಲ. ಸಾಬಾಣ ಹಚ್ಚಿ ಏರಿಸಿದೆ.”

“ನೀ ಕರದೇನು?”

“ಕರದೆ. ಸಣ್ಣಾಕಿದ್ದಾಗ ನಾ ಏನಂತ ಕರೀತಿದ್ದೆ, ಆ ಹೆಸರಿಲೇ ಕಿವ್ಯಾಗ ಕರದೆ. ಏಳ ತಂಗಿ, ನಿನ್ನ ಮಗಳು ಬಾಜೂ ಮನ್ಯಾಗ ಹಾದಿ ನೋಡಾಕತ್ತಾಳ ಅಂದೆ.”

“ಚಾ ಕುಡೀತಿಯೇನು ಅಂತ ಕೇಳಿದೇನು?”

“ಇಲ್ಲ. ಚಾ ಅನಲಿಲ್ಲ. ನಿನ್ನ ಹೆಸರು ಹೇಳಿದೆ, ಮೂರು ಸಲ ಹೇಳಿದೆ. ನಿನ್ನ ಹೆಸರಿಗೆ ಏಳದಾಕಿ ಚಾಕ್ಕ ಏಳತಾಳೇನ ಹುಚ್ಚಿ?”

ಮಗಳು ಸ್ವಲ್ಪ ಹೊತ್ತು ಅವರ ಕೈಗಳನ್ನೇ ನೋಡಿದಳು. ಆಮೇಲೆ ಅವಳ ಬಾಯಿ ಸೊಟ್ಟಗಾಯಿತು. ತಾಯಿ ಹೋದ ದಿನ ಅಳದವಳು ಶೇಂಗಾ ಸಿಪ್ಪೆಯ ರಾಶಿಯ ಮೇಲೆಯೇ ಬಿದ್ದು ಅತ್ತಳು. ದೊಡ್ಡವ್ವ ಬೆನ್ನ ಮೇಲೆ ಕೈ ಇಟ್ಟರು, ಸುಮ್ಮನಿರು ಎನ್ನಲಿಲ್ಲ. ಹೀಗೆ ಕಿವಿಯಲ್ಲಿ ಕರೆದದ್ದು ನನಗೂ ಗೊತ್ತಿರಲಿಲ್ಲ. ನಾನು ಗೋಡೆಯ ಕಡೆ ತಿರುಗಿ ನಿಂತೆ.

ಸಂಜೆಯ ಬಸ್ಸಿನಲ್ಲಿ ಅವಳು ಕಿಟಕಿಯ ಹತ್ತಿರ ಕುಳಿತಳು. ಕಣ್ಣು ಬಾತಿದ್ದವು. ನಿದ್ದೆ ಹತ್ತಿತು ಎಂದುಕೊಂಡಿದ್ದೆ.

“ನೀ ಯಾಕ ಕರೀಲಿಲ್ಲ?”

“ಅಂಜಿಕಿ ಬಂದಿತ್ತವಾ.”

“ಎದ್ದಗಿದ್ದಾಳಂತನಾ?”

“ಅಲ್ಲ. ಏಳಂಗಿಲ್ಲಂತ.”

ಅವಳು ಅದನ್ನು ಯೋಚಿಸಿದಳು. ನನ್ನ ಕಡೆ ತಿರುಗಲಿಲ್ಲ.

“ಹಂಗಾರ ನಿನಗ ಗೊತ್ತಿತ್ತು,” ಎಂದಳು.