ಟೈಲರಮ್ಮ ಪತ್ತೆ ಹಚ್ಚಿದ ಸೆನ್ಸರ್

ಟೈಲರಮ್ಮ ಕಾರು ಓಡಿಸಲು ಕಲಿತದ್ದು ಐವತ್ತೊಂದನೆಯ ವಯಸ್ಸಿನಲ್ಲಿ. ಹೊಲಿದ ಬಟ್ಟೆಯ ಗಂಟುಗಳನ್ನು ಸ್ಕೂಟರಿಗೆ ಕಟ್ಟಿಕೊಂಡು ಊರೆಲ್ಲ ತಿರುಗಿ ಅವಳ ಸೊಂಟ ಬಿದ್ದುಹೋಗಿತ್ತು. ಭಾವ ತನ್ನ ಹಳೆಯ ಕಾರನ್ನು ಗುಜರಿಗೆ ಹಾಕುತ್ತೇನೆಂದಾಗ, "ಗುಜರಿಗ್ಯಾಕೆ ಭಾವ, ನನಗೇ ಕೊಡಿ" ಎಂದು ಕೇಳಿಬಿಟ್ಟಳು. ಗಂಡ ನಕ್ಕ. ಭಾವನ ಹೆಂಡತಿ, ಅಂದರೆ ಅವಳ ಸ್ವಂತ ಅಕ್ಕ, ಒಂದೇ ಷರತ್ತು ಹಾಕಿದಳು: "ಮುಂದಿನ ಸೀಟು ಯಾವಾಗ್ಲೂ ನಂದು."

ಮೂರು ವರ್ಷ ಕಾರು ಹೇಳಿದಂತೆ ಕೇಳಿತು. ನಾಲ್ಕನೆಯ ಬೇಸಿಗೆಯಲ್ಲಿ ಅದಕ್ಕೊಂದು ಕೆಟ್ಟ ಚಾಳಿ ಹತ್ತಿತು. ಮನೆಯಿಂದ ಹೊರಡುವಾಗ ಕುರಿಮರಿಯಂತೆ ಹೊರಡುವುದು, ಅರ್ಧ ಗಂಟೆಯಾಗುತ್ತಲೇ ನಡುರಸ್ತೆಯಲ್ಲಿ ಸದ್ದಿಲ್ಲದೆ ನಿಂತುಬಿಡುವುದು. ಆಮೇಲೆ ಜಪ್ಪಯ್ಯ ಅಂದರೂ ಸ್ಟಾರ್ಟ್ ಆಗದು. ಇಪ್ಪತ್ತು ನಿಮಿಷ ಕಾದರೆ ಮತ್ತೆ ಏನೂ ಆಗಿಲ್ಲವೆಂಬಂತೆ ಓಡುವುದು. ಗ್ಯಾರೇಜು ಮುಟ್ಟುವ ಹೊತ್ತಿಗಂತೂ ಅದರಷ್ಟು ಸಾಧುವಾದ ಕಾರು ಬೇರೆ ಇರುತ್ತಿರಲಿಲ್ಲ.

ಗ್ಯಾರೇಜಿನ ಮೇಸ್ತ್ರಿ ಒಳ್ಳೆಯವನು. ಆನೆಯಂಥ ಆಳು, ಒಂದೊಂದು ಬೆರಳೂ ಬಾಳೆಹಣ್ಣಿನ ಗಾತ್ರ. ಪ್ಲಗ್ ಬದಲಾಯಿಸಿದ, ಪೆಟ್ರೋಲ್ ಪಂಪು ಬದಲಾಯಿಸಿದ. ಕಾರು ಮಾತ್ರ ತನ್ನ ಚಾಳಿ ಬಿಡಲಿಲ್ಲ. "ನನ್ನ ಮುಂದೆ ನಿಲ್ಲಲ್ವಲ್ಲ ಅಮ್ಮಾ, ನಿಂತ್ರೆ ತಾನೇ ಹಿಡಿಯೋದು" ಎಂದು ತಲೆ ಕೆರೆದುಕೊಂಡ.

ಅಷ್ಟರಲ್ಲಿ ಗುಡ್ಡದ ಮೇಲಿನ ಶಾಲೆಯಿಂದ ದೊಡ್ಡ ಕೆಲಸ ಬಂತು. ಮಕ್ಕಳ ನಾಟಕಕ್ಕೆ ನಲವತ್ತು ಹಕ್ಕಿಗಳ ಉಡುಪು, ತಂತಿ ಕಟ್ಟಿದ ರೆಕ್ಕೆಗಳ ಸಮೇತ. ಶನಿವಾರ ಬೆಳಿಗ್ಗೆ ಶಾಲೆ ಮುಟ್ಟಿಸಬೇಕು. ಅಷ್ಟು ರೆಕ್ಕೆಗಳನ್ನು ಮಡಚುವಂತಿಲ್ಲ, ಬಸ್ಸಿನಲ್ಲಿ ಒಯ್ಯುವಂತಿಲ್ಲ. ಗುಡ್ಡಕ್ಕೆ ಮುಕ್ಕಾಲು ಗಂಟೆಯ ದಾರಿ, ಅದರಲ್ಲಿ ಕೊನೆಯ ಕಾಲು ಗಂಟೆ ಬರೀ ಏರು.

"ಇದನ್ನ ನಂಬ್ಕೊಂಡು ಹೋದ್ರೆ ಹಕ್ಕಿಗಳೆಲ್ಲ ದಾರೀಲೇ ಗೂಡು ಕಟ್ತಾವೆ" ಎಂದಳು ಅಕ್ಕ.

ಹೊಲಿಗೆ ಯಂತ್ರ ಮೊಂಡು ಹಿಡಿದಾಗ ಟೈಲರಮ್ಮ ಬೈದದ್ದಿಲ್ಲ. ಎಲ್ಲಿ, ಯಾವಾಗ ಹೊಲಿಗೆ ತಪ್ಪಿತು ಎಂದು ನೋಡುವವಳು. ಸೋಮವಾರ ಅಕ್ಕನನ್ನು ಕೂರಿಸಿಕೊಂಡು, ಕಾರು ನಿಲ್ಲಲಿ ಎಂದೇ ಹೊರಟಳು. ಅಕ್ಕನ ಕೆಲಸ ಡ್ಯಾಶ್‌ಬೋರ್ಡಿನ ಮುಳ್ಳುಗಳನ್ನು ಕಣ್ಣು ಮಿಟುಕಿಸದೆ ನೋಡುವುದು. ಮೂವತ್ತನಾಲ್ಕನೆಯ ನಿಮಿಷಕ್ಕೆ ಇಂಜಿನ್ ಸತ್ತಿತು. ಕಾರು ಗೇರಿನಲ್ಲೇ ಇನ್ನೂ ಉರುಳುತ್ತಿತ್ತು.

"ಲೇ, ಎಡಗಡೆ ಮುಳ್ಳು ಒಂದೇ ಸಲ ಸೊನ್ನೆಗೆ ಬಿತ್ತು" ಎಂದಳು ಅಕ್ಕ. "ಕಾರು ಓಡ್ತಾನೇ ಇದೆ, ಅದು ಮಾತ್ರ ಮಲಗಿಬಿಡ್ತು."

ಎಡಗಡೆಯದು ಇಂಜಿನ್ ಎಷ್ಟು ಸುತ್ತುತ್ತದೆಂದು ತೋರಿಸುವ ಮುಳ್ಳು. ಟೈಲರಮ್ಮನಿಗೆ ಎಳೆ ಸಿಕ್ಕಿತು. ಚಕ್ರ ಉರುಳುತ್ತಿದೆ, ಅದರ ಜೊತೆ ಇಂಜಿನ್ನೂ ಸುತ್ತುತ್ತಿದೆ, ಆದರೆ ಆ ಸುದ್ದಿಯೇ ಮುಳ್ಳಿಗೆ ಮುಟ್ಟುತ್ತಿಲ್ಲ. ಕಾರು ತಣ್ಣಗಾಗುತ್ತಲೇ ನೇರ ಗ್ಯಾರೇಜಿಗೆ ಹೋದಳು.

"ಮೇಸ್ತ್ರಿ, ಇಂಜಿನ್ ಸುತ್ತೋದನ್ನ ಎಣಿಸೋದು ಯಾವುದು?"

ಮೇಸ್ತ್ರಿ ಸ್ಪಾನರ್ ಕೆಳಗಿಟ್ಟ. ಅವಳ ಮಾತನ್ನು ಪೂರ್ತಿ ಕೇಳಿ ತನ್ನ ಹಣೆಗೆ ತಾನೇ ಬಡಿದುಕೊಂಡ. "ಕ್ರ್ಯಾಂಕ್ ಸೆನ್ಸರ್ ಅಮ್ಮಾ. ಬಿಸಿಯಾದ್ರೆ ಕೈ ಕೊಡುತ್ತೆ, ತಣ್ಣಗಾದ್ರೆ ಸರಿಹೋಗುತ್ತೆ. ಅದು ಸುಮ್ಮನಾದ್ರೆ ಕಿಡಿ ಇಲ್ಲ, ಪೆಟ್ರೋಲೂ ಇಲ್ಲ. ನನಗೆ ಯಾಕೆ ಹೊಳೀಲಿಲ್ಲ."

ಆ ಸೆನ್ಸರ್ ಇದ್ದದ್ದು ಇಂಜಿನ್ನಿನ ಬೆನ್ನಿಗೆ, ಗೇರ್‌ಬಾಕ್ಸ್ ಕೂಡುವ ಸಂದಿಯಲ್ಲಿ. ಇಂಜಿನ್ ಆರಿದ ಮೇಲೆ ಮೇಸ್ತ್ರಿ ಬ್ಯಾಟರಿಯ ವೈರು ಕಳಚಿ, ಏರ್ ಫಿಲ್ಟರಿನ ಡಬ್ಬಿ ತೆಗೆದು ಕೈ ಹಾಕಿದ. ಮಣಿಕಟ್ಟಿನವರೆಗೂ ಹೋಗಲಿಲ್ಲ. ಎಡಗೈ ಹಾಕಿದ, ಅದೂ ಹೋಗಲಿಲ್ಲ. "ಗೇರ್‌ಬಾಕ್ಸೇ ಇಳಿಸ್ಬೇಕೇನೋ, ಎರಡು ದಿನದ ಕೆಲಸ" ಎಂದು ನಿಟ್ಟುಸಿರಿಟ್ಟ.

ಟೈಲರಮ್ಮ ಬಳೆ ಬಿಚ್ಚಿ ಅಕ್ಕನ ಕೈಗೆ ಕೊಟ್ಟಳು. "ಸ್ವಲ್ಪ ಸರೀರಿ."

ಅವಳ ಕೈ ಮೊಣಕೈವರೆಗೂ ಸಲೀಸಾಗಿ ಇಳಿಯಿತು. ಕಣ್ಣಿಗೆ ಏನೂ ಕಾಣದು, ಎಲ್ಲವೂ ಬೆರಳ ತುದಿಯ ಲೆಕ್ಕ. ಮೊದಲು ವೈರಿನ ಕೊಂಡಿ ಸಿಕ್ಕಿತು, ಆಮೇಲೆ ಒಂದೇ ಒಂದು ಬೋಲ್ಟು. ತುಕ್ಕಿಗೆ ಎಣ್ಣೆ ಬಿಟ್ಟು ಕಾದರು. ಹತ್ತರ ಸ್ಪಾನರ್ ಕೂರಿಸಿ, ಒಮ್ಮೆಗೆ ಕೂದಲೆಳೆಯಷ್ಟು ತಿರುಗಿಸುತ್ತ ಮುಕ್ಕಾಲು ಗಂಟೆ ಬೆವರಿಳಿಸಿದಳು. ಕೊನೆಗೆ ಹೆಬ್ಬೆರಳಿನ ಗಾತ್ರದ ಕಪ್ಪು ವಸ್ತುವೊಂದು ಅವಳ ಅಂಗೈಗೆ ಬಂತು, ಮೂತಿಗೆಲ್ಲ ಕಬ್ಬಿಣದ ಪುಡಿ ಮೆತ್ತಿಕೊಂಡು.

"ಇದೇ ಕಳ್ಳ ಅಂತ ಏನು ಗ್ಯಾರಂಟಿ?" ಎಂದಳು ಅಕ್ಕ.

ನ್ಯಾಯವಾದ ಪ್ರಶ್ನೆ. ಟೈಲರಮ್ಮ ಮೇಸ್ತ್ರಿಯನ್ನೂ ಅವನ ಕರೆಂಟು ಅಳೆಯುವ ಮೀಟರನ್ನೂ ತನ್ನ ಅಂಗಡಿಗೆ ಕರೆತಂದಳು. ಮೀಟರಿನ ವೈರುಗಳನ್ನು ಸೆನ್ಸರಿಗೆ ಹಚ್ಚಿದಾಗ, ಅದು ತಣ್ಣಗಿದ್ದಷ್ಟು ಹೊತ್ತು ಅಂಕಿ ನೆಟ್ಟಗೆ ನಿಂತಿತು. ಇಸ್ತ್ರಿಪೆಟ್ಟಿಗೆಯ ಬಿಸಿಗೆ ಸೆನ್ಸರನ್ನು ಹಿಡಿದು ಮೂವರೂ ಮೇಜಿನ ಮೇಲೆ ಬಗ್ಗಿದರು. ಒಂದು ನಿಮಿಷ, ಎರಡು ನಿಮಿಷ. ಅಂಕಿ ಒಮ್ಮೆ ನಡುಗಿ ಮಾಯವಾಯಿತು. ಫ್ಯಾನಿನ ಕೆಳಗೆ ಹಿಡಿದರೆ ಮರಳಿ ಬಂತು. ಮೇಸ್ತ್ರಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಇಷ್ಟು ವರ್ಷದಲ್ಲಿ ಇಸ್ತ್ರಿಪೆಟ್ಟಿಗೇಲಿ ಕಾರಿನ ಕಾಯಿಲೆ ಹಿಡಿದದ್ದು ಇದೇ ಮೊದಲು."

ಮರುದಿನ ಅವನೇ ಹೊಸ ಸೆನ್ಸರ್ ತಂದ. ಕೂರಿಸಿದವಳು ಅವಳು. ಕೊಂಡಿ ಟಿಕ್ ಎಂದು ಕೂತ ಸದ್ದು ಬೆರಳಿಗೇ ಕೇಳಿಸಿತು.

ಶನಿವಾರ ಕಾರಿನ ತುಂಬ ರೆಕ್ಕೆಗಳು. ಹಸಿರು ರೆಕ್ಕೆಯೊಂದು ಅಕ್ಕನ ಕಿವಿಗೆ ಕಚಗುಳಿ ಇಡುತ್ತಿತ್ತು. ಏರು ಶುರುವಾದಾಗ ಅಕ್ಕ ಮತ್ತೆ ಎಡಗಡೆ ಮುಳ್ಳಿಗೇ ಕಣ್ಣು ನೆಟ್ಟಳು. ಮೂವತ್ತನಾಲ್ಕನೆಯ ನಿಮಿಷ ಬಂತು, ಹೋಯಿತು. ಗುಡ್ಡದ ಕೊನೆಯ ತಿರುವು ದಾಟಿದಾಗ ಅಕ್ಕ ಹಿಡಿದಿಟ್ಟಿದ್ದ ಉಸಿರನ್ನು ಬಿಟ್ಟು ಜೋರಾಗಿ ನಗತೊಡಗಿದಳು. ತಂಗಿಗೂ ನಗು ತಡೆಯಲಾಗಲಿಲ್ಲ. ಗೇಟಿನಲ್ಲಿ ಕಾದಿದ್ದ ಮಕ್ಕಳು ಕಾರು ನಿಲ್ಲುವ ಮೊದಲೇ ಕಿಟಕಿಗಳಿಂದ ತಮ್ಮ ತಮ್ಮ ರೆಕ್ಕೆ ಹುಡುಕತೊಡಗಿದವು.

ಈಗ ಪ್ರತಿ ಬುಧವಾರ ಮಧ್ಯಾಹ್ನ ಟೈಲರ್ ಅಂಗಡಿಯ ಬಾಗಿಲು ಅರ್ಧ ಮುಚ್ಚಿರುತ್ತದೆ. ಆ ಹೊತ್ತಿಗೆ ಬಂದವರಿಗೆ ಗಂಡ ಬಲು ಗತ್ತಿನಿಂದ ಹೇಳುತ್ತಾನೆ: "ಅವಳು ಗ್ಯಾರೇಜಲ್ಲಿದ್ದಾಳೆ. ಮೇಸ್ತ್ರಿ ಕೈ ಹೋಗದ ಕಡೆ ಅವಳದೇ ಕೈ."